ದಾನಿಯೋ, ಗಿರಾಕಿಯೋ?

ಮೈಸೂರಿನಿಂದ ಹುಣಸೂರಿನ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ ಇಲವಾಲವನ್ನು ಇಂದು ಬಡಾವಣೆ, ನಿವೇಶನಗಳ ಊರೆಂದು ಬಲ್ಲವರೇ ಹೆಚ್ಚು. ಆದರೆ ಒಂದು ಕಾಲದಲ್ಲಿ, ಎರಡೇ ದಿನಗಳ ಮಟ್ಟಿಗೆ, ಈ ಊರು ದೇಶದ ಗಮನವನ್ನೆಲ್ಲ ತನ್ನತ್ತ ಸೆಳೆದಿತ್ತು. 1957ರ ಸೆಪ್ಟೆಂಬರ್ 21 ಮತ್ತು 22ರಂದು ಇಲ್ಲಿ ಗ್ರಾಮದಾನ ಪರಿಷತ್ತು ನೆರೆಯಿತು. ವಿನೋಬಾ ಭಾವೆಯವರ ಮಾತು ಕೇಳಲು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಬಂದರು, ಪ್ರಧಾನಿ ನೆಹರೂ ಬಂದರು. ಕಾಂಗ್ರೆಸ್ಸಿಗರಷ್ಟೇ ಅಲ್ಲದೆ ಕೇರಳದ ಕಮ್ಯೂನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡರೂ ಬಂದರು. ಬೇರೆಲ್ಲ ವಿಷಯಗಳಲ್ಲಿ ಭಿನ್ನಾಭಿಪ್ರಾಯವುಳ್ಳ ಆ ಜನ ಒಂದು ಮಾತಿಗೆ ಒಪ್ಪಿದರು: ಬಲವಂತವಿಲ್ಲದೆ, ತಿಳಿದು, ಮನಸಾರೆ ಕೊಟ್ಟದ್ದರಿಂದ ಊರಿನ ಬಾಳು ಹಸನಾಗುವುದಾದರೆ ಅದಕ್ಕೆ ಎಲ್ಲರೂ ಒತ್ತಾಸೆಯಾಗಿ ನಿಲ್ಲಬೇಕು.

ಆ ಪರಿಷತ್ತನ್ನು ಈಗ ನೆನೆಯುವುದಕ್ಕೆ ಕಾರಣವುಂಟು. ಭೂಮಿಯಂತೆ ಶರೀರವೂ ಮನುಷ್ಯನು ಲೋಕಹಿತಕ್ಕಾಗಿ ಕೊಡಬಲ್ಲ ಒಂದು ಸ್ವತ್ತು. ಹೊಸ ಔಷಧವೊಂದು ಗುಣಕಾರಿಯೇ ಅಲ್ಲವೇ ಎಂದು ತಿಳಿಯಬೇಕಾದರೆ ಯಾರಾದರೂ ಕೆಲವರು ತಮ್ಮ ಮೈಯನ್ನು ಆ ಪ್ರಶ್ನೆಗೆ ಒಡ್ಡಲೇಬೇಕು. ಹಾಗೆ ಒಡ್ಡುವವನು ದಾನಿಯೋ, ಗಿರಾಕಿಯೋ? ಮಿದುಳಿನ ಗೆಡ್ಡೆಯ ವಿಚಾರದಲ್ಲಿ ಈ ಪ್ರಶ್ನೆ ಬಹಳ ತೀಕ್ಷ್ಣವಾಗಿ ಎದ್ದು ನಿಲ್ಲುತ್ತದೆ. ಇಮ್ಯುನೊಥೆರಪಿ, ಜೀನ್ ಥೆರಪಿ ಎಂಬ ಎರಡು ಪದಗಳು ಈಗ ಹಳ್ಳಿಗಳವರೆಗೂ ಬಂದಿವೆ. ಮನೆಯ ಯಜಮಾನನ ತಲೆಯಲ್ಲಿ ಗೆಡ್ಡೆಯಿದೆಯೆಂದು ತಿಳಿದ ಸಂಸಾರ ಈ ಪದಗಳನ್ನು ಕೇಳಿದೊಡನೆ, ಇರುವ ಎರಡೆಕರೆಗೆ ಎಷ್ಟು ಬೆಲೆ ಬಂದೀತೆಂದು ವಿಚಾರಿಸತೊಡಗುತ್ತದೆ. ಹೊಲ ಮಾರಿ ಔಷಧ ಕೊಂಡವರ ಕಥೆ ನಮ್ಮ ಊರುಗಳಿಗೆ ಹೊಸದಲ್ಲ. ಆದ್ದರಿಂದ ಆ ಪದಗಳ ಹಿಂದೆ ಇರುವುದೇನು, ಇಲ್ಲದಿರುವುದೇನು ಎಂಬುದನ್ನು ಮೊದಲು ನೋಡುವುದು ಒಳ್ಳೆಯದು.

ಮಿದುಳಿನ ಗೆಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ಕೆಲವನ್ನು ಶಸ್ತ್ರವೈದ್ಯರು ತೆಗೆದುಹಾಕಿದರೆ ಮನುಷ್ಯ ಪೂರ್ಣಾಯುಸ್ಸು ಬದುಕುತ್ತಾನೆ. ಆದರೆ ಗ್ಲಯೋಬ್ಲಾಸ್ಟೊಮಾ ಎಂಬುದು ಹಾಗಲ್ಲ. ಅದು ಹುಲ್ಲಿನ ಬೇರಿನಂತೆ ಸುತ್ತಲಿನ ಒಳ್ಳೆಯ ಭಾಗದೊಳಕ್ಕೆ ಹಬ್ಬಿಕೊಂಡಿರುತ್ತದೆ. 1884ರಲ್ಲಿ ಲಂಡನ್ನಿನ ರಿಕ್ಮನ್ ಗಾಡ್ಲೀ ತಲೆಬುರುಡೆಯನ್ನು ತೆರೆದು ಮಿದುಳಿನ ಗೆಡ್ಡೆಯೊಂದನ್ನು ಹೊರತೆಗೆದಾಗ ಜಗತ್ತು ಬೆರಗಾಯಿತು. ರೋಗಿ ಸುಮಾರು ಒಂದು ತಿಂಗಳಲ್ಲಿ ಸೋಂಕಿನಿಂದ ತೀರಿಕೊಂಡ. 1928ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಇನ್ನೂ ಮುಂದೆ ಹೋಗಿ, ಮಿದುಳಿನ ಬಲ ಅರ್ಧವನ್ನೇ ತೆಗೆದ ಕೆಲವು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅಷ್ಟಾದರೂ ರೋಗ ನಿರ್ಮೂಲವಾಗಲಿಲ್ಲ. 2005ರಲ್ಲಿ ಪ್ರಕಟವಾದ, 573 ರೋಗಿಗಳ ಒಂದು ದೊಡ್ಡ ಪರೀಕ್ಷೆಯಿಂದ ಇಂದಿನ ರೂಢಿಯ ಚಿಕಿತ್ಸೆ ನಿರ್ಧಾರವಾಯಿತು: ಶಸ್ತ್ರಕ್ರಿಯೆಯ ನಂತರ ವಿಕಿರಣ, ಜೊತೆಗೆ ಟೆಮೊಜೊಲೊಮೈಡ್ ಎಂಬ ಗುಳಿಗೆ. ವಿಕಿರಣ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳು ಬದುಕಿದರು. ಗುಳಿಗೆಯನ್ನೂ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ 14.6 ತಿಂಗಳು. ನೂರಿಪ್ಪತ್ತು ವರ್ಷಗಳ ಸಾಧನೆಯ ತುದಿಯಲ್ಲಿ ದೊರೆತ ಲಾಭ ಎರಡೂವರೆ ತಿಂಗಳು. ಇದನ್ನು ತಿಳಿದವರಿಗೆ, ಹೊಸ ದಾರಿ ಹುಡುಕಲು ವಿಜ್ಞಾನಿಗಳು ಏಕೆ ಇಷ್ಟು ಹವಣಿಸುತ್ತಿದ್ದಾರೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಹೊಸ ದಾರಿಗಳಲ್ಲಿ ಒಂದು, ಶರೀರದ ಕಾವಲುಪಡೆಯನ್ನೇ ಗೆಡ್ಡೆಯ ಮೇಲೆ ಎತ್ತಿಕಟ್ಟುವುದು. ಮಿದುಳಿಗೆ ಈ ಕಾವಲುಪಡೆ ಹೋಗುವುದೇ ಇಲ್ಲವೆಂಬ ನಂಬಿಕೆ ಬಹುಕಾಲ ಬಲವಾಗಿತ್ತು. 1948ರಲ್ಲಿ ಪೀಟರ್ ಮೆಡಾವರ್ ಮೊಲಗಳ ಮಿದುಳಿಗೆ ಬೇರೆ ಮೊಲಗಳ ಚರ್ಮವನ್ನು ನಾಟಿಮಾಡಿ ನೋಡಿದರು. ಮೈಯ ಬೇರೆ ಕಡೆಯಲ್ಲಾದರೆ ತಿರಸ್ಕೃತವಾಗುವ ಆ ಚರ್ಮ ಮಿದುಳಿನಲ್ಲಿ ಉಳಿದುಕೊಂಡಿತು. ಆದರೆ ಮೈಯ ಬೇರೊಂದೆಡೆ ಅದೇ ಚರ್ಮವನ್ನು ಹಾಕಿ ಕಾವಲುಪಡೆಯನ್ನು ಮೊದಲೇ ಎಚ್ಚರಿಸಿದ್ದರೆ, ಮಿದುಳಿನಲ್ಲಿದ್ದದ್ದೂ ತಿರಸ್ಕೃತವಾಯಿತು. ಎಂದರೆ ಬಾಗಿಲು ಇತ್ತು, ಹಾಕಿತ್ತು ಅಷ್ಟೆ. 2015ರಲ್ಲಿ ಇಲಿಗಳ ಮಿದುಳಿನ ಹೊದಿಕೆಯಲ್ಲಿ ದುಗ್ಧರಸದ ನಾಳಗಳು ಕಂಡುಬಂದಾಗ, ಮಿದುಳಿಗೂ ಕಾವಲುಪಡೆಗೂ ಇರುವ ಹಾದಿಗಳಲ್ಲಿ ಒಂದು ಕಣ್ಣಿಗೇ ಬಿದ್ದಂತಾಯಿತು.

ಈ ಬಾಗಿಲನ್ನು ತೆರೆಯುವ ಉಪಾಯಗಳಲ್ಲಿ ಹೆಚ್ಚು ಕುತೂಹಲಕರವಾದದ್ದು ಕಾರ್-ಟಿ ಎಂಬುದು. ರೋಗಿಯ ರಕ್ತದಿಂದ ಟಿ-ಕಣಗಳೆಂಬ ಬಿಳಿಯ ರಕ್ತಕಣಗಳನ್ನು ಬೇರ್ಪಡಿಸಿ, ಹಲ್ಲು ಕಿತ್ತ ಹಾವಿನಂತೆ ನಿರಪಾಯಗೊಳಿಸಿದ ವೈರಸ್ಸಿನ ಮೂಲಕ ಅವುಗಳೊಳಕ್ಕೆ ಹೊಸದೊಂದು ಜೀನನ್ನು ಸೇರಿಸುತ್ತಾರೆ. ಗೆಡ್ಡೆಯ ಮೈಮೇಲಿನ ಗುರುತನ್ನು ಹಿಡಿಯುವ ಕೊಕ್ಕೆಯೊಂದು ಅದರಿಂದ ಟಿ-ಕಣಕ್ಕೆ ಮೂಡುತ್ತದೆ. ಅಂಥ ಕಣಗಳನ್ನು ಕೋಟಿಗಟ್ಟಲೆ ಬೆಳೆಸಿ ರೋಗಿಗೆ ಮರಳಿ ಕೊಡುತ್ತಾರೆ. ಇಮ್ಯುನೊಥೆರಪಿಯೂ ಜೀನ್ ಥೆರಪಿಯೂ ಇಲ್ಲಿ ಒಂದಾಗಿವೆಯೆಂಬುದನ್ನು ವಾಚಕರು ಗಮನಿಸಬಹುದು. ಕ್ಯಾಲಿಫೋರ್ನಿಯದಲ್ಲಿ ಹೀಗೆ ಚಿಕಿತ್ಸೆ ಪಡೆದ 50 ವರ್ಷದ ರೋಗಿಯೊಬ್ಬನ ವೃತ್ತಾಂತ 2016ರಲ್ಲಿ ಪ್ರಕಟವಾಯಿತು. ಅವನ ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಇದ್ದ ಗೆಡ್ಡೆಗಳು ಏಳೂವರೆ ತಿಂಗಳ ಕಾಲ ಮಾಯವಾಗಿದ್ದವು. ಆಮೇಲೆ ಬೇರೆ ಜಾಗಗಳಲ್ಲಿ ತಲೆಯೆತ್ತಿದವು. 2024ರ ಮಾರ್ಚಿಯಲ್ಲಿ ಬಾಸ್ಟನ್ನಿನಿಂದ ಮೂವರು ರೋಗಿಗಳ ವರದಿ ಬಂತು. ಮೂವರಲ್ಲಿಯೂ ಕೆಲವೇ ದಿನಗಳಲ್ಲಿ ಗೆಡ್ಡೆ ಕುಗ್ಗಿತು. ಇಬ್ಬರಲ್ಲಿ ಆ ಗುಣ ನಿಲ್ಲಲಿಲ್ಲ. ಕಾರಣ ಗೂಢವೇನಲ್ಲ. ಒಂದೇ ಗೆಡ್ಡೆಯ ಜೀವಕೋಶಗಳೆಲ್ಲವೂ ಒಂದೇ ಗುರುತನ್ನು ಧರಿಸಿರುವುದಿಲ್ಲ; ಗುರುತಿದ್ದವು ಸತ್ತರೆ ಇಲ್ಲದವು ಬೆಳೆಯುತ್ತವೆ. ಮಿದುಳಿನ ಊತವನ್ನು ತಗ್ಗಿಸಲು ಕೊಡುವ ಸ್ಟೆರಾಯ್ಡ್ ಕಾವಲುಪಡೆಯನ್ನೂ ಮಂಪರಿಗೆ ದೂಡುತ್ತದೆ. ಕೊಡದಿದ್ದರೆ, ಕಾವಲುಪಡೆಯ ಕಾಳಗದಿಂದಲೇ ಉಂಟಾಗುವ ಊತಕ್ಕೆ ಮುಚ್ಚಿದ ತಲೆಬುರುಡೆಯೊಳಗೆ ಜಾಗವಿರುವುದಿಲ್ಲ.

ಇನ್ನೊಂದು ದಾರಿ, ಗೆಡ್ಡೆಯೊಳಕ್ಕೇ ಜೀನನ್ನೋ ವೈರಸ್ಸನ್ನೋ ಕಳುಹಿಸುವುದು. 1992ರಲ್ಲಿ ಅಮೆರಿಕದಲ್ಲಿ ಇದರ ಮೊದಲ ಪರೀಕ್ಷೆ ಮನುಷ್ಯರ ಮೇಲೆ ಆರಂಭವಾಯಿತು. ಹರ್ಪಿಸ್ ವೈರಸ್ಸಿನ ಒಂದು ಜೀನನ್ನು ಗೆಡ್ಡೆಗೆ ಸೇರಿಸಿ, ಆ ಜೀನು ಇರುವ ಕೋಶಗಳನ್ನು ಮಾತ್ರ ಕೊಲ್ಲುವ ಔಷಧವನ್ನು ಕೊಡುವುದು ಆಗಿನ ತಂತ್ರ. ಇಲಿಗಳಲ್ಲಿ ಅದು ಚೆನ್ನಾಗಿ ಸಾಗಿತ್ತು. 248 ರೋಗಿಗಳ ಪರೀಕ್ಷೆಯ ಫಲ 2000ದಲ್ಲಿ ಹೊರಬಂದಾಗ ಪ್ರಯೋಜನ ಕಾಣಲಿಲ್ಲ. ಆದರೆ ಆ ಸೋಲಿನಿಂದ ಪಾಠ ಕಲಿತವರುಂಟು. ಜಪಾನಿನ ಟೊಮೊಕಿ ಟೋಡೊ ಮತ್ತು ಸಂಗಡಿಗರು, ಮೂರು ಕಡೆ ಜೀನು ತಿದ್ದಿದ ಹರ್ಪಿಸ್ ವೈರಸ್ಸೊಂದನ್ನು ಸಿದ್ಧಪಡಿಸಿದರು. ಅದು ಗೆಡ್ಡೆಯ ಕೋಶಗಳಲ್ಲಿ ಮಾತ್ರ ವೃದ್ಧಿಯಾಗಿ ಅವುಗಳನ್ನು ಒಡೆಯುತ್ತದೆ. 19 ರೋಗಿಗಳ ಪರೀಕ್ಷೆಯನ್ನು ಆಧಾರವಾಗಿಟ್ಟುಕೊಂಡು ಜಪಾನ್ ಸರ್ಕಾರ 2021ರಲ್ಲಿ ಅದಕ್ಕೆ ಮಂಜೂರಾತಿ ಕೊಟ್ಟಿತು. ಆದರೆ ಅದು 7 ವರ್ಷಗಳ ಅವಧಿಗೆ ಸೀಮಿತವಾದ, ಷರತ್ತಿನ ಮಂಜೂರಾತಿ. ಇನ್ನಷ್ಟು ರೋಗಿಗಳಲ್ಲಿ ಗುಣ ತೋರಿಸಿದರೆ ಉಂಟು, ಇಲ್ಲವಾದರೆ ಇಲ್ಲ.

ಇದಿಷ್ಟು ಕಥೆಯ ಸಾರಾಂಶವೇನು? ದಾರಿ ಇದೆ, ಊರು ಇನ್ನೂ ದೂರವಿದೆ. ಮೂವರು, ಹತ್ತೊಂಬತ್ತು ಮಂದಿ, 248 ಮಂದಿ ಎಂದು ನಾವು ಸಲೀಸಾಗಿ ಓದಿಕೊಂಡು ಹೋಗುವ ಸಂಖ್ಯೆಗಳಲ್ಲಿ ಒಂದೊಂದೂ ಒಬ್ಬೊಬ್ಬ ಮನುಷ್ಯ. ಅವರಲ್ಲಿ ಬಹುಮಂದಿ ತಮಗೆ ಫಲ ಸಿಕ್ಕದ ತೋಟಕ್ಕೆ ನೀರೆರೆದು ಹೋದವರು. ಜೀನ್ ಥೆರಪಿಯ ಚರಿತ್ರೆಯಲ್ಲಿ ಜೆಸ್ಸಿ ಗೆಲ್ಸಿಂಗರನ ಹೆಸರನ್ನು ಮರೆಯುವಂತಿಲ್ಲ. ಅವನದು ಮಿದುಳಿನ ರೋಗವಲ್ಲ, ಯಕೃತ್ತಿನದು. ಪಥ್ಯದಿಂದಲೂ ಔಷಧದಿಂದಲೂ ಅದು ಅವನ ಹತೋಟಿಯಲ್ಲಿತ್ತು. ಅದೇ ರೋಗದಿಂದ ಸಾಯುವ ಹಸುಗೂಸುಗಳಿಗೆ ಉಪಕಾರವಾಗಲೆಂದು 18 ವರ್ಷದ ಆ ಹುಡುಗ 1999ರಲ್ಲಿ ಅಮೆರಿಕದ ಪರೀಕ್ಷೆಯೊಂದಕ್ಕೆ ತನ್ನನ್ನು ಒಪ್ಪಿಸಿಕೊಂಡು, ಚುಚ್ಚುಮದ್ದಾದ ನಾಲ್ಕನೆಯ ದಿನ ತೀರಿಕೊಂಡ. ಆಮೇಲಿನ ವಿಚಾರಣೆಯಲ್ಲಿ, ಅಪಾಯದ ಬಗ್ಗೆ ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿರಲಿಲ್ಲವೆಂದೂ, ಸಂಶೋಧನೆಯ ಹಿಂದೆ ಹಣದ ಹಿತಾಸಕ್ತಿಯಿತ್ತೆಂದೂ ಆಕ್ಷೇಪಗಳು ಕೇಳಿಬಂದವು. ದಾನಿಯೆದುರು ಸತ್ಯವನ್ನು ಮರೆಮಾಡಿದರೆ ದಾನ ಕೆಡುತ್ತದೆ, ವಿಜ್ಞಾನವೂ ಕೆಡುತ್ತದೆ. ಆ ಒಂದು ಸಾವಿನಿಂದ ಜೀನ್ ಥೆರಪಿಯ ಕೆಲಸವೇ ವರ್ಷಗಟ್ಟಲೆ ಹಿಂದೆಬಿತ್ತು.

ನಮ್ಮ ನಾಡಿನಲ್ಲಿಯೂ ಈ ವಿದ್ಯೆ ದಾನದ ಮೇಲೆಯೇ ನಿಂತಿದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ 1995ರಿಂದ ಮಿದುಳಿನ ಭಂಡಾರವೊಂದಿದೆ; ದುಃಖದ ಗಳಿಗೆಯಲ್ಲಿಯೂ ಮೃತರ ಮಿದುಳನ್ನು ಕೊಡಲು ಒಪ್ಪಿದ ಕುಟುಂಬಗಳು ಅದನ್ನು ಕಟ್ಟಿವೆ. ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ನಿಂತಿರುವುದು ಮೈಸೂರು ಅರಮನೆ ಕೊಟ್ಟ 371 ಎಕರೆ ಭೂಮಿಯ ಮೇಲೆ. ಈ ಎರಡು ಸಂಸ್ಥೆಗಳ ವಿಜ್ಞಾನಿಗಳು, ವೈದ್ಯರು ಒಟ್ಟುಗೂಡಿ ರೋಗಿಗಳ ಗೆಡ್ಡೆಯ ತುಣುಕುಗಳನ್ನು ಪರಿಶೀಲಿಸಿ, ಗ್ಲಯೋಬ್ಲಾಸ್ಟೊಮಾ ಯಾರಲ್ಲಿ ಹೆಚ್ಚು ಉಗ್ರವಾದೀತೆಂದು ಸೂಚಿಸುವ 14 ಜೀನುಗಳ ಪಟ್ಟಿಯೊಂದನ್ನು 2013ರಲ್ಲಿ ಪ್ರಕಟಿಸಿದರು. ಹೆಚ್ಚು ಅಪಾಯದ ಗುಂಪಿನಲ್ಲಿ ಎದ್ದುಕಂಡದ್ದು ಕಾವಲುಪಡೆಗೆ ಸಂಬಂಧಿಸಿದ ಜೀನುಗಳ ಚಟುವಟಿಕೆ. ಇಮ್ಯುನೊಥೆರಪಿಯ ಮೂಲಪ್ರಶ್ನೆಯನ್ನೇ ನಮ್ಮ ರೋಗಿಗಳ ಗೆಡ್ಡೆಗಳು ಕೇಳಿವೆ ಎನ್ನಬಹುದು. ಕಾರ್-ಟಿ ಕಣಗಳನ್ನು ತಯಾರಿಸುವ ಕೌಶಲವೂ ದೇಶಕ್ಕೆ ಬಂದಿದೆ. ಮುಂಬಯಿಯ ಐಐಟಿಯಲ್ಲಿ ರೂಪುಗೊಂಡ ಚಿಕಿತ್ಸೆಗೆ 2023ರಲ್ಲಿ ಸರ್ಕಾರದ ಮಂಜೂರಾತಿ ದೊರೆಯಿತು. ಬೆಂಗಳೂರಿನಲ್ಲೇ ತಯಾರಾಗುವ ಇನ್ನೊಂದು 2025ರಲ್ಲಿ ಬಳಕೆಗೆ ಬಂತು. ಆದರೆ ಇವೆರಡೂ ರಕ್ತದ ಮತ್ತು ದುಗ್ಧಗ್ರಂಥಿಗಳ ಕೆಲವು ಕ್ಯಾನ್ಸರುಗಳಿಗೆ ಸಲ್ಲುವುವೇ ಹೊರತು ಮಿದುಳಿನ ಗೆಡ್ಡೆಗಲ್ಲ.

ಎಡವಟ್ಟಾಗುವುದು ಇಲ್ಲಿಯೇ. ಒಂದು ರೋಗದಲ್ಲಿ ಗೆದ್ದ ಹೆಸರನ್ನು ಇನ್ನೊಂದು ರೋಗದ ಬಾಗಿಲಲ್ಲಿ ಮಾರುವುದು ಸುಲಭ. ಕಾವಲುಪಡೆಗೆ ಗೆಡ್ಡೆಯೇ ಹಾಕಿದ ಕಡಿವಾಣವನ್ನು ಬಿಚ್ಚುವ ಔಷಧಗಳ ಹಿಂದಿನ ಶೋಧಕ್ಕಾಗಿ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಬಂತು. ಚರ್ಮ, ಶ್ವಾಸಕೋಶ ಮೊದಲಾದವುಗಳ ಕ್ಯಾನ್ಸರಿನಲ್ಲಿ ಆ ಔಷಧಗಳು ಅನೇಕರ ಜೀವ ಉಳಿಸಿವೆ. ಅವುಗಳಲ್ಲಿ ಒಂದನ್ನು ಮರುಕಳಿಸಿದ ಗ್ಲಯೋಬ್ಲಾಸ್ಟೊಮಾದ 369 ರೋಗಿಗಳಲ್ಲಿ ಹಳೆಯ ಔಷಧದೊಡನೆ ತೂಗಿ ನೋಡಿದ ಫಲ 2020ರಲ್ಲಿ ಪ್ರಕಟವಾಯಿತು: ಹೊಸದರಲ್ಲಿ 9.8 ತಿಂಗಳು, ಹಳೆಯದರಲ್ಲಿ 10 ತಿಂಗಳು. ಕೆಲವು ವಿರಳ ಬಗೆಯ ಗೆಡ್ಡೆಗಳಲ್ಲಿ ಉಪಯೋಗವಾಗುವುದುಂಟು. ಎಲ್ಲರಿಗೂ ಆಗುತ್ತದೆಂಬುದಕ್ಕೆ ಆಧಾರವಿಲ್ಲ. ಹೀಗಿರುವಾಗ ಲಕ್ಷಾಂತರ ರೂಪಾಯಿಯ ಔಷಧವನ್ನು "ಇದೊಂದು ಇದೆ, ನೋಡೋಣ" ಎಂಬ ಮಾತಿನ ಮೇಲೆ ಕೊಳ್ಳುವ ಸಂಸಾರಕ್ಕೆ ನಿಜವಾಗಿ ಏನು ಮಾರಲಾಗುತ್ತಿದೆ? ಔಷಧವಲ್ಲ, ಒಂದು ಪ್ರಶ್ನೆ. ಅದೂ ಉತ್ತರ ಯಾರಿಗೂ ದೊರೆಯದಂಥ ಪ್ರಶ್ನೆ. ಏಕೆಂದರೆ ಹೀಗೆ ಒಂಟಿಯಾಗಿ ಕೊಂಡು ಪಡೆದ ಚಿಕಿತ್ಸೆಯ ಫಲವನ್ನು ಯಾವ ಪುಸ್ತಕದಲ್ಲೂ ಯಾರೂ ಬರೆದಿಡುವುದಿಲ್ಲ. ಆ ಮನುಷ್ಯ ದಾನಿಯೂ ಆಗಲಿಲ್ಲ, ಕೊಟ್ಟ ಹಣಕ್ಕೆ ಸರಕು ಪಡೆದ ಗಿರಾಕಿಯೂ ಆಗಲಿಲ್ಲ.

ಭಾಷೆಯೂ ಈ ಗೊಂದಲಕ್ಕೆ ಸಹಾಯಮಾಡಿದೆ. ಕನ್ನಡದಲ್ಲಿ ‘ಪ್ರಯೋಗ’ ಎಂಬ ಮಾತಿಗೆ ಎರಡು ಅರ್ಥ. ಗೊತ್ತಿರುವ ಮದ್ದನ್ನು ಗೊತ್ತಿರುವ ರೋಗಕ್ಕೆ ಕೊಡುವುದೂ ಪ್ರಯೋಗ. ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಳ್ಳಲು ಹೊರಡುವುದೂ ಪ್ರಯೋಗ. ಆಯುರ್ವೇದದ ಪಂಡಿತರ ಔಷಧಪ್ರಯೋಗ ಮೊದಲನೆಯದು. ಪ್ರಯೋಗಶಾಲೆಯ ಪ್ರಯೋಗ ಎರಡನೆಯದು. ಕೇಳುವವರು ಮೊದಲನೆಯ ಅರ್ಥವನ್ನು ಹಿಡಿದರೆ ಅವರ ತಪ್ಪಲ್ಲ. ಆದ್ದರಿಂದ ಒಪ್ಪಿಗೆಪತ್ರದ ಮೊದಲ ಸಾಲು ಹೀಗಿರಲಿ: ಇದು ಔಷಧದ ಪರೀಕ್ಷೆ, ಇದರಿಂದ ನಿಮಗೆ ಗುಣವಾಗದೆ ಇರಬಹುದು, ಮುಂದೆ ಬರುವವರಿಗೆ ತಿಳಿವಳಿಕೆ ಖಂಡಿತವಾಗಿ ದೊರೆಯುತ್ತದೆ. ಇಷ್ಟನ್ನು ಕೇಳಿದ ಮೇಲೂ ಹೂಂ ಎನ್ನುವವರು ನಮ್ಮ ಜನರಲ್ಲಿ ಕಡಿಮೆಯಿಲ್ಲ. ನೆಲವನ್ನೇ ಕೊಟ್ಟವರ ನಾಡಿದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಪರೀಕ್ಷೆಗೆ ಒಳಪಡುವವರಿಂದ ಸಂಶೋಧನೆಯ ಖರ್ಚನ್ನು ವಸೂಲುಮಾಡಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2017ರ ನೀತಿಸೂತ್ರಗಳು ಹೇಳುತ್ತವೆ. 2019ರ ಹೊಸ ಔಷಧಗಳ ನಿಯಮಗಳು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಣೆ ಕೊಡಬೇಕೆಂದೂ, ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಲ್ಲಬೇಕೆಂದೂ ವಿಧಿಸಿವೆ. ಪ್ರತಿಯೊಂದು ಔಷಧಪರೀಕ್ಷೆಯನ್ನೂ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ಮಿದುಳಿನ ಗೆಡ್ಡೆಯ ರೋಗಿಯ ಮನೆಯವರು ಕೇಳಬೇಕಾದ ಪ್ರಶ್ನೆಗಳು ಇದರಿಂದಲೇ ಹೊರಡುತ್ತವೆ. ಇದು ಈ ರೋಗಕ್ಕೆ ಮಂಜೂರಾದ ಚಿಕಿತ್ಸೆಯೋ, ಪರೀಕ್ಷೆಯೋ? ಪರೀಕ್ಷೆಯಾದರೆ ನೋಂದಣಿಯ ಸಂಖ್ಯೆ ಯಾವುದು? ಮತ್ತೆ ನಮ್ಮಿಂದ ಹಣ ಏಕೆ? ಕೇಳುವುದು ಅವಿಧೇಯತೆಯಲ್ಲ, ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಡಿಮಿಡಿಗೊಳ್ಳುವುದಿಲ್ಲ.

ಇದಕ್ಕೆ ಒಂದು ಆಕ್ಷೇಪಣೆಯುಂಟು, ಅದನ್ನು ತಳ್ಳಿಹಾಕುವಂತಿಲ್ಲ. ಸಾಯುವವನ ಮುಂದೆ ನಿಯಮಗಳನ್ನು ಓದುವುದು ಕ್ರೂರವಲ್ಲವೆ? ಬೇರೆ ದಾರಿಯೇ ಇಲ್ಲದವನು ತನ್ನ ಹಣದಿಂದ ತನ್ನ ಜೀವದ ಮೇಲೆ ಒಂದು ಪಣ ಒಡ್ಡಿದರೆ ತಡೆಯಲು ನಾವು ಯಾರು? ಅಮೆರಿಕದಲ್ಲಿ 2018ರಲ್ಲಿ ಇಂಥದೊಂದು ಹಕ್ಕನ್ನು ಕಾನೂನೇ ಕೊಟ್ಟಿದೆ. ನಮ್ಮ ನಿಯಮಗಳಲ್ಲಿಯೂ ಪ್ರಾಣಾಪಾಯದ ರೋಗಿಗಾಗಿ ಮಂಜೂರಾಗದ ಔಷಧವನ್ನು ಅನುಮತಿ ಪಡೆದು ತರಿಸಲು ಅವಕಾಶವಿದೆ. ಆ ಬಾಗಿಲನ್ನು ಮುಚ್ಚಬೇಕೆಂದು ನಾನು ಹೇಳುವುದಿಲ್ಲ. ಆದರೆ ಪಣ ಒಡ್ಡುವವನು ಒಬ್ಬನೇ ಅಲ್ಲ. ಅವನು ಹೋದಮೇಲೆ ಸಾಲದೊಡನೆ ಉಳಿಯುವ ಹೆಂಡತಿಮಕ್ಕಳೂ ಆ ಪಣದಲ್ಲಿದ್ದಾರೆ. ಅವರನ್ನು ಯಾರೂ ಕೇಳಿರುವುದಿಲ್ಲ. ಕೊನೆಯ ತಿಂಗಳುಗಳನ್ನು ದೂರದ ಊರಿನ ಆಸ್ಪತ್ರೆಯ ಹಜಾರದಲ್ಲಿ ಕಳೆಯುವುದೇ, ಮನೆಯ ಜಗಲಿಯಲ್ಲಿ ನೋವಿಲ್ಲದೆ ಕಳೆಯುವುದೇ ಎಂಬುದೂ ರೋಗಿಯ ಮುಂದಿಡಬೇಕಾದ ಆಯ್ಕೆ. ಆಸೆಯನ್ನು ಕಿತ್ತುಕೊಳ್ಳುವುದು ಕ್ರೌರ್ಯವೆಂಬುದು ನಿಜ. ಆಸೆಗೆ ಬೆಲೆಪಟ್ಟಿ ಅಂಟಿಸುವುದು ಅದಕ್ಕಿಂತ ದೊಡ್ಡ ಕ್ರೌರ್ಯ.

ಗ್ರಾಮದಾನದ ಚಳವಳಿಯಿಂದ ಕಲಿಯಬೇಕಾದ ಇನ್ನೊಂದು ಪಾಠವುಂಟು, ಅದು ಕಹಿಯಾದದ್ದು. ದಾನವೆಂದು ದೇಶದಲ್ಲಿ ಘೋಷಿತವಾದ ಭೂಮಿಯಲ್ಲಿ ಒಂದು ದೊಡ್ಡ ಭಾಗ ಬಡವನ ಕೈಸೇರಲೇ ಇಲ್ಲ. ಕೆಲವು ಬಂಜರು, ಕೆಲವು ವ್ಯಾಜ್ಯದಲ್ಲಿದ್ದವು, ಕೆಲವಕ್ಕೆ ಪತ್ರವೇ ಇರಲಿಲ್ಲ. ಕೊಟ್ಟವರ ಮನಸ್ಸಿನಷ್ಟೇ ಪಡೆದವರ ಲೆಕ್ಕವೂ ಚೊಕ್ಕಟವಾಗಿರಬೇಕಾಗಿತ್ತು. ಔಷಧಪರೀಕ್ಷೆಗೂ ಇದೇ ಮಾತು ಸಲ್ಲುತ್ತದೆ. ಸೋತ ಪರೀಕ್ಷೆಯ ಫಲವನ್ನು ಪ್ರಕಟಿಸದೆ ಮುಚ್ಚಿಡುವುದೆಂದರೆ ದಾನದ ಭೂಮಿಗೆ ಬೇಲಿ ಹಾಕಿ ಬಂಜರು ಬಿಟ್ಟಂತೆ. ಗೆದ್ದ ಪರೀಕ್ಷೆಯ ಫಲವನ್ನು ಕೋಟ್ಯಧೀಶರಿಗೆ ಮಾತ್ರ ಎಟುಕುವ ಬೆಲೆಗೆ ಏರಿಸುವುದೆಂದರೆ ದಾನದ ಭೂಮಿಯನ್ನು ಹರಾಜಿಗೆ ಹಾಕಿದಂತೆ. ಸರ್ಕಾರದ ಹಣ, ಸರ್ಕಾರಿ ಆಸ್ಪತ್ರೆಯ ರೋಗಿ, ಸಾರ್ವಜನಿಕ ಸಂಸ್ಥೆಯ ವಿಜ್ಞಾನಿ ಈ ಮೂರೂ ಸೇರಿ ಬೆಳೆದ ಬೆಳೆಯಲ್ಲಿ ಊರಿನ ಪಾಲು ಎಷ್ಟೆಂಬುದನ್ನು ಬಿತ್ತನೆಗೆ ಮೊದಲೇ ಬರೆದಿಡಬೇಕು. ಉದ್ಯಮಿಗೆ ಲಾಭ ಬೇಡವೆಂದು ಯಾರೂ ಹೇಳುವುದಿಲ್ಲ. ದಾನಿಯ ಮೊಮ್ಮಗನಿಗೆ ಬಾಗಿಲು ಮುಚ್ಚಬಾರದೆಂದಷ್ಟೆ ಹೇಳುವುದು.

ಮೈಸೂರಿನಂಥ ಊರಿಗೆ ಈ ಕೆಲಸದಲ್ಲಿ ಪಾತ್ರವಿಲ್ಲವೆಂದು ಭಾವಿಸಬಾರದು. 1924ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜಿದೆ. ಕೃಷ್ಣರಾಜೇಂದ್ರ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ. ಬಿಡದ ತಲೆನೋವು, ಹೊಸದಾಗಿ ಬಂದ ಮೂರ್ಛೆ, ಒಂದು ಕೈಯ ಬಲಹೀನತೆ ಇವುಗಳನ್ನು ಗ್ರಹಚಾರವೆಂದು ಬಿಡದೆ ಬೇಗ ಚಿತ್ರ ತೆಗೆಸುವುದು, ತೆಗೆದ ಗೆಡ್ಡೆಯ ಜೀನುಗಳನ್ನು ಪರೀಕ್ಷಿಸಿ ಬರೆದಿಡುವುದು, ವಿಕಿರಣವನ್ನೂ ಗುಳಿಗೆಯನ್ನೂ ತಡವಿಲ್ಲದೆ ಕೊಡುವುದು, ಇವು ಇಲ್ಲದ ಕಡೆ ಜೀನ್ ಥೆರಪಿಯ ಮಾತು ಅಡಿಪಾಯವಿಲ್ಲದ ಉಪ್ಪರಿಗೆ. ಇವು ಇದ್ದ ಕಡೆ ಪರೀಕ್ಷೆಗಳೂ ಬರುತ್ತವೆ, ಬರಬೇಕು. ಆಗ ಇಲವಾಲದ ರೈತನೊಬ್ಬನಿಗೆ ಆ ಮಾತನ್ನು ಹೇಳುವ ವೈದ್ಯರು ಅವನ ಎದುರು ಕುಳಿತು, ಕನ್ನಡದಲ್ಲಿ, ಅವಸರವಿಲ್ಲದೆ ಹೇಳಲಿ: ನಿಮ್ಮಿಂದ ನಾವು ಒಂದು ಉಪಕಾರವನ್ನು ಕೇಳುತ್ತಿದ್ದೇವೆ; ಇಲ್ಲವೆನ್ನುವ ಹಕ್ಕು ನಿಮಗಿದೆ; ಇದಕ್ಕಾಗಿ ನೀವು ಒಂದು ಕಾಸನ್ನೂ ಕೊಡಬೇಕಾಗಿಲ್ಲ.